ಹೆಪ್ಪು ತಡೆಯುವ ಮಾತ್ರೆ ಯಾಕೆ, ಎಷ್ಟು ದಿನ? ರಕ್ತನಾಳದ ಒಳಪದರ ನೋಡಿ ಅರ್ಥ ಮಾಡಿಕೊಳ್ಳುವ ಬಗೆ

ಸ್ಟೆಂಟ್ ಹಾಕಿಸಿಕೊಂಡವರು, ಹೃದಯದ ವಾಲ್ವ್ ಬದಲಾಯಿಸಿಕೊಂಡವರು, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅಡ್ಮಿಟ್ ಆಗಿದ್ದವರು. ಈ ಮೂವರಿಗೂ ಡಿಸ್ಚಾರ್ಜ್ ಆಗುವಾಗ ಹೇಳುವುದು ಒಂದೇ ಮಾತು: "ರಕ್ತ ತೆಳು ಮಾಡೋ ಮಾತ್ರೆ ಇದೆ, ತಪ್ಪಿಸಬೇಡಿ." ಆದರೆ ಒಬ್ಬರಿಗೆ ಒಂದು ವರ್ಷ, ಇನ್ನೊಬ್ಬರಿಗೆ ಮೂರು ತಿಂಗಳು, ಮತ್ತೊಬ್ಬರಿಗೆ ಬದುಕಿರುವ ತನಕ. ಮಾತ್ರೆಗಳೂ ಬೇರೆ ಬೇರೆ. ಯಾಕೆ ಹೀಗೆ ಅಂತ ಕೇಳೋಣ ಅಂದರೆ ಒಪಿಡಿಯಲ್ಲಿ ಹಿಂದೆ ಐವತ್ತು ಜನ ನಿಂತಿರುತ್ತಾರೆ. ಮನೆಗೆ ಬಂದು ಸ್ವಲ್ಪ ದಿನ ಆದ ಮೇಲೆ "ಈಗ ಆರಾಮಾಗಿದ್ದೀನಲ್ಲ, ಇನ್ನೂ ಯಾಕೆ ನುಂಗಬೇಕು" ಅಂತ ಬಿಟ್ಟುಬಿಡುತ್ತಾರೆ, ಅಥವಾ ಹಲ್ಲು ಕೀಳಿಸಬೇಕು ಅಂತ ತಾವೇ ಒಂದು ವಾರ ನಿಲ್ಲಿಸುತ್ತಾರೆ. ಅನಾಹುತ ಆಗುವುದು ಹೀಗೆಯೇ.

ಈ ವಿಷಯ ಓದಿ, ಮನೆಯವರ ಮಾತ್ರೆ ನೋಡಿಕೊಂಡು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದೇ. ಹೆಪ್ಪು ಅಂದ ಕೂಡಲೇ ನಾವೆಲ್ಲ ರಕ್ತವನ್ನು ಬೈಯುತ್ತೇವೆ, ದಪ್ಪ ಆಗಿದೆ ಅನ್ನುತ್ತೇವೆ. ನೋಡಬೇಕಾದದ್ದು ರಕ್ತ ಹರಿಯುವ ನಾಳದ ಒಳಗೋಡೆಯನ್ನು. ಆ ಗೋಡೆ ನಿಮ್ಮ ದೇಹದಲ್ಲಿ ಎಲ್ಲಿ ಕೆಲಸ ನಿಲ್ಲಿಸಿದೆ ಅಂತ ಗೊತ್ತಾದರೆ, ಮಾತ್ರೆ ಯಾಕೆ ಬೇಕು, ಎಷ್ಟು ದಿನ ಬೇಕು ಅನ್ನುವ ಉತ್ತರ ಮುಕ್ಕಾಲು ಪಾಲು ತಾನಾಗಿಯೇ ಬರುತ್ತದೆ. ಇಲ್ಲಿ ಹೇಳಿದ್ದನ್ನು ನೋಡಿ ನೀವೇ ಡೋಸ್ ಬದಲಿಸಿಕೊಳ್ಳಬೇಡಿ. ಡಾಕ್ಟರ್ ಹತ್ತಿರ ಸರಿಯಾದ ಪ್ರಶ್ನೆ ಕೇಳಲು ಬಳಸಿಕೊಳ್ಳಿ.

ಮೊದಲು, ಆ ಗೋಡೆ ಏನು ಮಾಡುತ್ತದೆ

ಎಲ್ಲ ರಕ್ತನಾಳಗಳ ಒಳಮೈಗೂ, ಹೃದಯದ ಒಳಗಡೆಗೂ, ಒಂದೇ ಒಂದು ಸಾಲು ಜೀವಕೋಶಗಳ ಪದರ ಇದೆ. ಹೆಸರು ಎಂಡೋಥೀಲಿಯಂ. ಬಹಳ ಕಾಲ ಇದನ್ನು ಸುಮ್ನೆ ಒಂದು ಹೊದಿಕೆ ಅಂತಲೇ ಎಣಿಸಿದ್ದರು. 1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡುಗಳ ಮೇಲೆ ಮಾಡಿದ ಪ್ರಯೋಗ ಆ ನಂಬಿಕೆ ಬದಲಿಸಿತು. ಒಳಪದರ ಉಳಿದಿದ್ದ ತುಂಡಿಗೆ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಹಾಕಿದರೆ ನಾಳ ಸಡಿಲವಾಗುತ್ತಿತ್ತು, ಪದರ ಉಜ್ಜಿಹೋಗಿದ್ದ ತುಂಡು ಸಡಿಲವಾಗುತ್ತಿರಲಿಲ್ಲ. ಅಂದರೆ ಪದರದಿಂದ ಏನೋ ಒಂದು ಹೊರಗೆ ಬರುತ್ತಿದೆ. ಅದು ನೈಟ್ರಿಕ್ ಆಕ್ಸೈಡ್ ಅಂತ ಆಮೇಲೆ ಗೊತ್ತಾಯಿತು. ಫರ್ಚ್‌ಗಾಟ್, ಲೂಯಿ ಇಗ್ನಾರೋ, ಫೆರಿದ್ ಮುರಾದ್ ಮೂವರಿಗೂ 1998ರ ನೊಬೆಲ್ ಬಂತು.

ಆರೋಗ್ಯವಾಗಿರುವ ಪದರ ಹಗಲೂ ರಾತ್ರಿ ಹೆಪ್ಪು ತಡೆಯುತ್ತಲೇ ಇರುತ್ತದೆ. ನೈಟ್ರಿಕ್ ಆಕ್ಸೈಡ್, ಪ್ರೊಸ್ಟಸೈಕ್ಲಿನ್ ಎರಡನ್ನೂ ಹೊರಸೂಸಿ, ರಕ್ತದಲ್ಲಿ ಹೆಪ್ಪು ಕಟ್ಟಲು ಮೊದಲು ಓಡಿಬರುವ ಚಿಕ್ಕ ಕಣಗಳಾದ ಪ್ಲೇಟ್‌ಲೆಟ್‌ಗಳು ಗುಂಪು ಸೇರದಂತೆ ನೋಡಿಕೊಳ್ಳುತ್ತದೆ. ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಕರೆಯಲು ಬಿಡುವ ಎಡಿಪಿ ಅನ್ನುವ ರಾಸಾಯನಿಕವನ್ನು ಅಲ್ಲೇ ಒಡೆದುಹಾಕುತ್ತದೆ. ಪದರದ ಮೇಲ್ಮೈಯಲ್ಲಿ ಹೆಪಾರಾನ್ ಸಲ್ಫೇಟ್ ಅನ್ನುವ ಉದ್ದುದ್ದ ಸಕ್ಕರೆ ಎಳೆಗಳಿವೆ. ರಕ್ತದಲ್ಲಿರುವ ಆಂಟಿಥ್ರಾಂಬಿನ್ ಬಂದು ಇವಕ್ಕೆ ಅಂಟಿಕೊಂಡರೆ ಅದರ ವೇಗ ಬಹಳ ಹೆಚ್ಚುತ್ತದೆ, ಹೆಪ್ಪುಗಟ್ಟಿಸುವ ಅಂಶಗಳನ್ನು ಹಿಡಿದು ಸುಮ್ಮನಾಗಿಸುತ್ತದೆ.

ನನಗೆ ಎಲ್ಲಕ್ಕಿಂತ ಆಶ್ಚರ್ಯ ಅನ್ನಿಸುವುದು ಥ್ರಾಂಬೊಮಾಡ್ಯುಲಿನ್. ಥ್ರಾಂಬಿನ್ ಅಂದರೆ ಹೆಪ್ಪುಗಟ್ಟುವಿಕೆಯ ಮುಖ್ಯ ಕೆಲಸಗಾರ, ರಕ್ತದ ಫೈಬ್ರಿನೋಜೆನ್ ಅನ್ನು ಫೈಬ್ರಿನ್ ಎಳೆಗಳಾಗಿ ಬದಲಿಸುವುದು ಅದೇ. ಆ ಥ್ರಾಂಬಿನ್ ಬಂದು ಆರೋಗ್ಯವಂತ ಪದರದ ಮೇಲಿನ ಥ್ರಾಂಬೊಮಾಡ್ಯುಲಿನ್‌ಗೆ ಅಂಟಿಕೊಂಡರೆ ಅದರ ಬುದ್ಧಿಯೇ ತಿರುಗಿಬಿಡುತ್ತದೆ. ಎಳೆ ನೇಯುವುದು ಬಿಟ್ಟು ಪ್ರೋಟೀನ್ ಸಿ ಅನ್ನುವುದನ್ನು ಎಬ್ಬಿಸುತ್ತದೆ, ಆ ಪ್ರೋಟೀನ್ ಸಿ ಹೋಗಿ ಹೆಪ್ಪುಗಟ್ಟಿಸುವ ಐದನೇ ಮತ್ತು ಎಂಟನೇ ಅಂಶಗಳನ್ನು ಕತ್ತರಿಸಿ ಹೊಸ ಥ್ರಾಂಬಿನ್ ಹುಟ್ಟದಂತೆ ಮಾಡುತ್ತದೆ. ಹೆಪ್ಪು ಕಟ್ಟಲು ಬಂದ ಅಣುವಿನ ಕೈಯಿಂದಲೇ ಹೆಪ್ಪು ನಿಲ್ಲಿಸುವ ಕೆಲಸ! ಇಷ್ಟಾದರೂ ಎಲ್ಲೋ ಹೆಪ್ಪು ಕಟ್ಟಿದರೆ ಇದೇ ಪದರ ಟಿಪಿಎ ಅನ್ನುವುದನ್ನು ಬಿಡುತ್ತದೆ, ಅದು ಹೆಪ್ಪು ಕರಗಿಸುತ್ತದೆ.

ಕೈ ಕೊಯ್ದುಕೊಂಡಾಗ ಮಾತ್ರ ಇದೆಲ್ಲ ತಲೆಕೆಳಗಾಗಬೇಕು. ಪದರ ಹರಿದು ಕೆಳಗಿನ ಕೊಲಾಜೆನ್ ರಕ್ತಕ್ಕೆ ತಾಗುತ್ತದೆ. ಜೀವಕೋಶಗಳ ಒಳಗಿನ ಚಿಕ್ಕ ಚೀಲಗಳಲ್ಲಿ ಕೂಡಿಟ್ಟಿದ್ದ ವಾನ್ ವಿಲ್ಲೆಬ್ರಾಂಡ್ ಅಂಶ ಹೊರಗೆ ಬಂದು ಪ್ಲೇಟ್‌ಲೆಟ್‌ಗಳನ್ನು ಅಲ್ಲಿ ಹಿಡಿದು ನಿಲ್ಲಿಸುತ್ತದೆ. ಕೆಳಗಿನ ಟಿಶ್ಯೂ ಫ್ಯಾಕ್ಟರ್ ಥ್ರಾಂಬಿನ್ ತಯಾರಿ ಶುರು ಮಾಡುತ್ತದೆ. ರಕ್ತ ನಿಲ್ಲುತ್ತದೆ. ಇದು ಬೇಕೇ ಬೇಕು, ಇಲ್ಲದಿದ್ದರೆ ನಾವು ಬದುಕುವುದಿಲ್ಲ.

ಗಾಯವೇ ಇಲ್ಲದೆ ಪದರ ಹೀಗೆ ಬದಲಾಗುವುದೇ ತೊಂದರೆ. ಬೀಡಿ ಸಿಗರೇಟು, ವರ್ಷಗಟ್ಟಲೆ ಹಿಡಿತಕ್ಕೆ ಸಿಗದ ಸಕ್ಕರೆ, ಬಿಪಿ, ಸೋಂಕು, ರಕ್ತ ಸರಿಯಾಗಿ ಹರಿಯದಿರುವುದು, ಇವೆಲ್ಲ ಪದರದ ತಡೆಯುವ ಗುಣ ಕಡಿಮೆ ಮಾಡಿ ಅಂಟಿಸುವ ಗುಣ ಜಾಸ್ತಿ ಮಾಡುತ್ತವೆ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಡಿ-ಡೈಮರ್ ಅನ್ನುವ, ಹೆಪ್ಪಿನ ಸುಳಿವು ಕೊಡುವ ರಕ್ತದ ಟೆಸ್ಟಿನ ಹೆಸರು ಬಂತಲ್ಲ, ಆಗ ಶ್ವಾಸಕೋಶದ ನಾಳಗಳಲ್ಲಿ ಹೆಪ್ಪು ಕಟ್ಟುತ್ತಿದ್ದುದಕ್ಕೆ ಒಳಪದರದ ಉರಿಯೂತ ದೊಡ್ಡ ಕಾರಣ. ಜರ್ಮನಿಯ ರುಡಾಲ್ಫ್ ವಿರ್ಕೋ 1856ರ ಹೊತ್ತಿಗೇ ಕಾಲಿನ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುತ್ತದೆ ಅಂತ ತೋರಿಸಿದ್ದ. ಇವತ್ತಿಗೂ ವೈದ್ಯರು ಮೂರು ವಿಷಯ ಅವನ ಹೆಸರಲ್ಲೇ ಕಲಿಯುತ್ತಾರೆ: ಗೋಡೆ ಹೇಗಿದೆ, ಹರಿವು ಹೇಗಿದೆ, ರಕ್ತದಲ್ಲಿ ಏನಿದೆ.

ಈಗ ನಿಮ್ಮ ಚೀಟಿ ತೆಗೆದು ನೋಡಿ

ಮಾತ್ರೆಯ ಹೆಸರಿಗಿಂತ ಮೊದಲು, ಯಾವ ಜಾಗಕ್ಕಾಗಿ ಕೊಟ್ಟಿದ್ದಾರೆ ಅಂತ ಬರೆದುಕೊಳ್ಳಿ. ಹೃದಯದ ನಾಳದ ಸ್ಟೆಂಟಾ, ವಾಲ್ವಾ, ಕಾಲಿನ ನಾಳವಾ, ಹೃದಯದ ಬಡಿತ ತಾಳ ತಪ್ಪಿದ್ದಕ್ಕಾ?

ಸ್ಟೆಂಟ್ ಆದರೆ ಕಥೆ ಹೀಗೆ. ಬಲೂನ್ ಊದಿ ಸ್ಟೆಂಟ್ ಕೂರಿಸುವಾಗ ಆ ಜಾಗದ ಒಳಪದರ ಕಿತ್ತುಹೋಗುತ್ತದೆ. ಲೋಹದ ಬಲೆ ನೇರವಾಗಿ ರಕ್ತಕ್ಕೆ ತೆರೆದುಕೊಂಡಿರುತ್ತದೆ. ಅಕ್ಕಪಕ್ಕದ ಜೀವಕೋಶಗಳು ನಿಧಾನಕ್ಕೆ ಬೆಳೆದು ಆ ಬಲೆಯನ್ನು ಮುಚ್ಚಬೇಕು. ಈಗ ಹಾಕುವ ಹೆಚ್ಚಿನ ಸ್ಟೆಂಟ್‌ಗಳಿಗೆ ಔಷಧಿಯ ಲೇಪ ಇರುತ್ತದೆ. ಒಳಗೆ ಮಾಂಸ ಬೆಳೆದು ಮತ್ತೆ ಕಟ್ಟಿಕೊಳ್ಳದಿರಲಿ ಅಂತ. ಆದರೆ ಅದೇ ಔಷಧಿ ಒಳಪದರ ಬೆಳೆಯುವುದನ್ನೂ ನಿಧಾನ ಮಾಡುತ್ತದೆ. 2006ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ್ದ ಯುರೋಪಿನ ಹೃದ್ರೋಗ ತಜ್ಞರ ಸಮ್ಮೇಳನದಲ್ಲಿ ಇದು ದೊಡ್ಡ ಗಲಾಟೆಯೇ ಆಯಿತು, ಮೊದಲ ತಲೆಮಾರಿನ ಲೇಪದ ಸ್ಟೆಂಟ್‌ಗಳಲ್ಲಿ ಒಂದು ವರ್ಷ ಕಳೆದ ಮೇಲೂ ಹೆಪ್ಪು ಕಾಣಿಸುತ್ತಿತ್ತು. ಈಗಿನವು ಎಷ್ಟೋ ಸುಧಾರಿಸಿವೆ. ಆದರೂ ಬಲೆ ಮುಚ್ಚುವ ತನಕ ಆ ಜಾಗದಲ್ಲಿ ಪ್ಲೇಟ್‌ಲೆಟ್ ತಡೆಯುವ ಗೋಡೆ ಇಲ್ಲ, ಅದಕ್ಕೇ ಎರಡು ಮಾತ್ರೆ: ಆಸ್ಪಿರಿನ್, ಜೊತೆಗೆ ಕ್ಲೋಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್. ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದರೆ ಸಾಮಾನ್ಯವಾಗಿ 12 ತಿಂಗಳು, ಆಘಾತವಿಲ್ಲದೆ ಹಾಕಿದ್ದರೆ ಸುಮಾರು 6 ತಿಂಗಳು ಎರಡೂ ಬೇಕು. ರಕ್ತಸ್ರಾವದ ಅಪಾಯ ನೋಡಿ ಡಾಕ್ಟರ್ ಹೆಚ್ಚು ಕಡಿಮೆ ಮಾಡುತ್ತಾರೆ. ಆಮೇಲೆ ಒಂದು ಮಾತ್ರೆ ಉಳಿಯುತ್ತದೆ, ಹೆಚ್ಚಿನವರಿಗೆ ಅದು ಕೊನೆತನಕ.

ಹಾಗಾಗಿ ಹಲ್ಲು ಕೀಳಿಸಲು, ಕಣ್ಣಿನ ಪೊರೆ ತೆಗೆಸಲು ಹೋದಾಗ ಯಾರಾದರೂ "ಐದು ದಿನ ಮಾತ್ರೆ ನಿಲ್ಲಿಸಿ ಬನ್ನಿ" ಅಂದರೆ, ಸ್ಟೆಂಟ್ ಹಾಕಿದ ತಾರೀಖು ಹೇಳಿ, ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಒಂದು ಹಲ್ಲು ಕೀಳಲು ಬಹಳ ಸಲ ನಿಲ್ಲಿಸುವುದೇ ಬೇಡ, ಒಸಡು ಒತ್ತಿ ಹಿಡಿದರೆ ಸಾಕಾಗುತ್ತದೆ.

ಆಸ್ಪಿರಿನ್ ಯಾಕೆ ಬರೀ 75 ಮಿಲಿಗ್ರಾಂ ಅಂತ ಕೇಳುತ್ತಾರೆ. ಇದೂ ಗೋಡೆಯ ಲೆಕ್ಕವೇ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ. ಆಸ್ಪಿರಿನ್ ಅದರ ಕಿಣ್ವವನ್ನು ಒಂದು ಸಲ ಕಟ್ಟಿಹಾಕಿದರೆ ಅದು ಸಾಯುವ ತನಕ, ಅಂದರೆ ಏಳರಿಂದ ಹತ್ತು ದಿನ, ಹೊಸ ಕಿಣ್ವ ಮಾಡಿಕೊಳ್ಳಲು ಆಗದು. ಗೋಡೆಯ ಜೀವಕೋಶಕ್ಕೆ ನ್ಯೂಕ್ಲಿಯಸ್ ಇದೆ, ಅದು ಹೊಸ ಕಿಣ್ವ ಮಾಡಿಕೊಂಡು ಪ್ರೊಸ್ಟಸೈಕ್ಲಿನ್ ಮತ್ತೆ ಬಿಡುತ್ತದೆ. ಕಡಿಮೆ ಡೋಸ್ ಕೊಟ್ಟರೆ ಅಂಟಿಸುವವರು ಸುಮ್ಮನಾಗುತ್ತಾರೆ, ತಡೆಯುವವರು ಉಳಿಯುತ್ತಾರೆ. "ಜಾಸ್ತಿ ತಗೊಂಡರೆ ಜಾಸ್ತಿ ಒಳ್ಳೆಯದು" ಅನ್ನುವುದು ಇಲ್ಲಿ ಸುಳ್ಳು. ಇನ್ನೊಂದು ಮಾತು: ಹೃದಯದ ತೊಂದರೆ, ಲಕ್ವ, ಸ್ಟೆಂಟ್ ಏನೂ ಇಲ್ಲದವರು "ಮುಂಜಾಗ್ರತೆಗೆ" ಅಂತ ಮೆಡಿಕಲ್ ಶಾಪಿನಿಂದ ತಂದು ದಿನಾ ಎಕೋಸ್ಪ್ರಿನ್ (ಆಸ್ಪಿರಿನ್ನೇ, ಬ್ರ್ಯಾಂಡ್ ಹೆಸರು) ನುಂಗುವುದು ಬೇಡ. ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಲಾಭವನ್ನು ತಿಂದುಹಾಕುತ್ತದೆ.

ಲೋಹ-ಇಂಗಾಲದ ಕೃತಕ ವಾಲ್ವ್ ಆದರೆ ಮಾತು ಬೇರೆ. ಅದರ ರೆಕ್ಕೆಗಳ ಮೇಲೆ ಒಳಪದರ ಬೆಳೆಯುವುದೇ ಇಲ್ಲ, ಇವತ್ತೂ ಇಲ್ಲ, ಇಪ್ಪತ್ತು ವರ್ಷದ ಮೇಲೂ ಇಲ್ಲ. ಅದಕ್ಕೇ ಮಾತ್ರೆ ಜೀವನಪೂರ್ತಿ. ಇಲ್ಲಿ ಕೊಡುವುದು ವಾರ್ಫರಿನ್, ಅಥವಾ ನಮ್ಮಲ್ಲಿ ಜಾಸ್ತಿ ಬಳಕೆಯಲ್ಲಿರುವ ಅಸಿಟ್ರಾಮ್. ಹೊಸ ಮಾತ್ರೆಗಳಿಗೆ ಬದಲಿಸಿಕೊಡಿ, ಪದೇ ಪದೇ ಟೆಸ್ಟಿಗೆ ರಕ್ತ ಕೊಡುವುದು ತಪ್ಪಲಿ ಅಂತ ಕೇಳುವವರಿದ್ದಾರೆ. ಬೇಡ. ಇಂಥವರಿಗೆ ಡಬಿಗಾಟ್ರಾನ್ ಅನ್ನುವ ಹೊಸ ಮಾತ್ರೆ ಕೊಟ್ಟು ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು, ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ ಅಂತ ಅದನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಚಿಕ್ಕಂದಿನ ಕೀಲುಜ್ವರದಿಂದ ಹೃದಯದ ಎಡಭಾಗದ ಮೈಟ್ರಲ್ ವಾಲ್ವ್ ಕಿರಿದಾಗಿ, ಬಡಿತವೂ ತಪ್ಪಿದವರ ಕಥೆಯೂ ಹೀಗೆಯೇ. ನಮ್ಮ ದೇಶದಲ್ಲಿ ಇಂಥವರು ಬಹಳ. 24 ದೇಶಗಳ ಸುಮಾರು 4,500 ರೋಗಿಗಳ ಮೇಲೆ ನಡೆದು 2022ರಲ್ಲಿ ಹೊರಬಂದ ಇನ್ವಿಕ್ಟಸ್ ಅಧ್ಯಯನದಲ್ಲಿ ರಿವರಾಕ್ಸಬಾನ್‌ಗಿಂತ ಹಳೆಯ ವಾರ್ಫರಿನ್ ಗುಂಪಿನ ಮಾತ್ರೆಯೇ ಜಾಸ್ತಿ ಜೀವ ಉಳಿಸಿತು. ಹಳೆಯದು ಅಂತ ತಾತ್ಸಾರ ಮಾಡಬೇಡಿ.

ವಾಲ್ವ್ ತೊಂದರೆ ಇಲ್ಲದೆ ಬರೀ ಬಡಿತ ತಪ್ಪಿದವರಿಗೆ, ಅಂದರೆ ಏಟ್ರಿಯಲ್ ಫಿಬ್ರಿಲೇಶನ್ ಇರುವವರಿಗೆ, ಹೃದಯದ ಎಡ ಮೇಲ್ಕೋಣೆಯ ಒಂದು ಚಿಕ್ಕ ಚೀಲದಲ್ಲಿ ರಕ್ತ ನಿಂತುಬಿಡುತ್ತದೆ. ಅಲ್ಲಿ ಕಟ್ಟಿದ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಇವರಿಗೆ ಎಪಿಕ್ಸಬಾನ್, ರಿವರಾಕ್ಸಬಾನ್, ಡಬಿಗಾಟ್ರಾನ್ ಚೆನ್ನಾಗಿ ಕೆಲಸ ಮಾಡುತ್ತವೆ. ಇವರಿಗೆ ಆಸ್ಪಿರಿನ್ ಒಂದೇ ಸಾಲದು.

ಕಾಲಿನ ಹೆಪ್ಪಿನಲ್ಲಿ ಗೋಡೆ ಹರಿದಿರಲೇಬೇಕು ಅಂತಿಲ್ಲ. ಕಾಲಿನ ಆಳದ ನಾಳಗಳಲ್ಲಿ ರಕ್ತ ಹಿಂದೆ ಬೀಳದಂತೆ ಚಿಕ್ಕ ಕವಾಟಗಳಿವೆ, ಅವುಗಳ ಹಿಂದಿನ ಸಂದಿಯಲ್ಲಿ ಹರಿವು ನಿಧಾನ. ಅಲುಗಾಡದೆ ಮಲಗಿದರೆ ಅಲ್ಲಿ ಆಮ್ಲಜನಕ ಇಳಿಯುತ್ತದೆ, ಪದರ ಅಂಟಿಸುವ ಕಡೆಗೆ ವಾಲುತ್ತದೆ. ಆಪರೇಷನ್, ಮೂಳೆ ಮುರಿತ, ಹೆರಿಗೆಯಂಥ ಗೊತ್ತಿರುವ ಕಾರಣ ಇದ್ದರೆ ಸಾಮಾನ್ಯವಾಗಿ ಮೂರು ತಿಂಗಳ ಚಿಕಿತ್ಸೆ. ಕಾರಣ ಹೋಯಿತು, ಪದರ ಮೊದಲಿನಂತಾಯಿತು, ಮಾತ್ರೆ ನಿಲ್ಲಿಸಬಹುದು. ಕಾರಣವೇ ಕಾಣದೆ ಬಂದಿದ್ದರೆ ಮತ್ತೆ ಬರುವ ಸಂಭವ ಜಾಸ್ತಿ, ಅದಕ್ಕೇ ಇನ್ನೂ ದೀರ್ಘಕಾಲ ಮುಂದುವರಿಸುತ್ತಾರೆ. ಮೂರನೇ ತಿಂಗಳಲ್ಲಿ ಕೇಳಬೇಕಾದ ಪ್ರಶ್ನೆ ಇದು: "ನನಗೆ ಬಂದ ಹೆಪ್ಪಿಗೆ ಕಾರಣ ಸಿಕ್ಕಿದೆಯಾ, ಆ ಕಾರಣ ಈಗ ಹೋಗಿದೆಯಾ?"

ಚಿಕ್ಕ ವಯಸ್ಸಲ್ಲಿ ಹೆಪ್ಪು ಬಂದವರಿಗೆ, ಮತ್ತೆ ಮತ್ತೆ ಗರ್ಭಪಾತ ಆದವರಿಗೆ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್, ಆಂಟಿಫಾಸ್ಫೋಲಿಪಿಡ್ ಟೆಸ್ಟ್ ಬರೆಯುತ್ತಾರೆ. ದುಬಾರಿ ಟೆಸ್ಟ್‌ಗಳು. ಕೊಡುವ ಮೊದಲು ಸಮಯ ಸರಿಯಾಗಿದೆಯಾ ಅಂತ ಕೇಳಿ. ಹೊಸ ಹೆಪ್ಪು ಇರುವಾಗ, ವಾರ್ಫರಿನ್ ನಡೆಯುತ್ತಿರುವಾಗ ಸಿ ಮತ್ತು ಎಸ್ ಕಡಿಮೆಯೇ ಬರುತ್ತವೆ, ಹೆಪಾರಿನ್ ನಡೆಯುತ್ತಿರುವಾಗ ಆಂಟಿಥ್ರಾಂಬಿನ್ ಇಳಿದಿರುತ್ತದೆ. ಇಲ್ಲದ ರೋಗದ ಹಣೆಪಟ್ಟಿ ಅಂಟಿಬಿಡುತ್ತದೆ.

ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಹೆಪಾರಿನ್ ಇಂಜೆಕ್ಷನ್‌ ವಾರ್ಫರಿನ್ ಮಾತ್ರೆಯ ಜೊತೆಗೇ ಕನಿಷ್ಠ ಐದು ದಿನ ಯಾಕೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ವಾರ್ಫರಿನ್ ಶುರು ಮಾಡಿದಾಗ ಮೊದಲು ಕುಸಿಯುವುದರಲ್ಲಿ ಆ ಒಳ್ಳೆಯ ಪ್ರೋಟೀನ್ ಸಿ ಒಂದು. ಅಂದರೆ ಮೊದಲ ಕೆಲವು ದಿನ ಹೆಪ್ಪಿನ ಅಪಾಯ ಸ್ವಲ್ಪ ಏರುತ್ತದೆ. ಆ ದಿನಗಳನ್ನು ದಾಟಿಸುವುದು ಇಂಜೆಕ್ಷನ್. ಅದು ಗೋಡೆಯ ಹೆಪಾರಾನ್ ಸಲ್ಫೇಟ್ ಮಾಡುವ ಕೆಲಸವನ್ನೇ ಮಾಡುತ್ತದೆ. ಐಎನ್‌ಆರ್ (ವಾರ್ಫರಿನ್ ಇರುವಾಗ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ತಗೊಳ್ಳುತ್ತದೆ ಅಂತ ತೋರಿಸುವ ಟೆಸ್ಟಿನ ಅಂಕಿ) 2 ದಾಟುವ ಮೊದಲೇ "ಚುಚ್ಚಿಸಿಕೊಂಡಿದ್ದು ಸಾಕು" ಅನ್ನಬೇಡಿ.

ದಿನಾ ಮಾತ್ರೆ ತಗೊಳ್ಳುವ ಕ್ರಮ

ವಾರ್ಫರಿನ್ ಅಥವಾ ಅಸಿಟ್ರಾಮ್ ಇದ್ದರೆ ಸಂಜೆ ಒಂದೇ ಹೊತ್ತಿಗೆ ತಗೊಳ್ಳಿ. ಮರೆತರೆ ಅದೇ ದಿನ ನೆನಪಾದಾಗ ತಗೊಳ್ಳಬಹುದು, ಮಾರನೆಯ ದಿನ ಎರಡು ನುಂಗಬಾರದು. ಐಎನ್‌ಆರ್ ಗುರಿ ಎಷ್ಟು ಅಂತ ಕೇಳಿ ಪುಸ್ತಕದ ಮೊದಲ ಪುಟದಲ್ಲೇ ಬರೆಸಿಕೊಳ್ಳಿ. ಕಾಲಿನ ಹೆಪ್ಪಿಗೆ, ಬಡಿತ ತಪ್ಪಿದ್ದಕ್ಕೆ, ಮಹಾಪಧಮನಿಯ ವಾಲ್ವ್‌ಗೆ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್ ಜಾಗದ ಕೃತಕ ವಾಲ್ವ್‌ಗೆ 2.5ರಿಂದ 3.5. ತಾರೀಖು, ಐಎನ್‌ಆರ್, ಡೋಸ್, ಆ ವಾರ ಬೇರೆ ಏನು ಔಷಧಿ ತಗೊಂಡಿರಿ, ಈ ನಾಲ್ಕನ್ನೂ ಒಂದೇ ಸಾಲಲ್ಲಿ ಬರೆಯಿರಿ. ಏರುಪೇರಾದಾಗ ಕಾರಣ ಹುಡುಕಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಸೊಪ್ಪು ತಿನ್ನಲೇಬೇಡಿ ಅಂತ ಯಾರಾದರೂ ಹೆದರಿಸಿರಬಹುದು. ಪಾಲಕ್, ದಂಟು, ನುಗ್ಗೆಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ, ಅದು ಈ ಮಾತ್ರೆಯ ಕೆಲಸ ತಗ್ಗಿಸುತ್ತದೆ, ನಿಜ. ಆದರೆ ಬಸ್ಸಾರು, ಸೊಪ್ಪಿನ ಸಾರು ಬಿಟ್ಟು ಬದುಕಬೇಕಾಗಿಲ್ಲ. ವಾರಕ್ಕೆ ಎಷ್ಟು ಸಲ ತಿನ್ನುತ್ತಿದ್ದಿರೋ ಹೆಚ್ಚುಕಡಿಮೆ ಅಷ್ಟೇ ತಿನ್ನಿ, ಅದಕ್ಕೆ ಹೊಂದುವಂತೆ ಡೋಸ್ ಕೂರುತ್ತದೆ. ಒಂದು ತಿಂಗಳು ಪೂರ್ತಿ ಬಿಟ್ಟು ಆಮೇಲೆ ದಿನಾ ತಿಂದರೆ ಐಎನ್‌ಆರ್ ಹಳಿ ತಪ್ಪುತ್ತದೆ. ಅಡುಗೆಯ ಬೆಳ್ಳುಳ್ಳಿ ಅರಿಶಿನಕ್ಕೆ ಹೆದರಬೇಡಿ. ಅವುಗಳ ಕ್ಯಾಪ್ಸೂಲ್, ಹೆಸರು ಗೊತ್ತಿಲ್ಲದ ಕಷಾಯದ ಪುಡಿಗಳು ಮಾತ್ರ ಬೇಡ.

ನಿಜವಾಗಿ ಹೆದರಬೇಕಾದದ್ದು ಬೇರೆ ಔಷಧಿಗಳಿಗೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಕೋಟ್ರೈಮಾಕ್ಸಜೋಲ್, ಇವು ಐಎನ್‌ಆರ್ ಅನ್ನು ಗಬಕ್ಕನೆ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಮಂಡಿನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೇನ್ ಬೇಡ. ಸೊಂಟಕ್ಕೆ, ತೋಳಿಗೆ ಚುಚ್ಚುವ ನೋವಿನ ಇಂಜೆಕ್ಷನ್ ಅಂತೂ ಬೇಡವೇ ಬೇಡ, ಸ್ನಾಯುವಿನೊಳಗೆ ರಕ್ತ ತುಂಬಿಕೊಳ್ಳಬಹುದು. ಯಾವ ಕ್ಲಿನಿಕ್‌ಗೆ ಹೋದರೂ ಕೂರುವ ಮೊದಲೇ ಈ ಮಾತ್ರೆಯ ಹೆಸರು ಹೇಳಿ. ಮಗು ಬೇಕು ಅಂದುಕೊಂಡಿರುವ ಹೆಣ್ಣುಮಕ್ಕಳು ಗರ್ಭ ನಿಲ್ಲುವ ಮೊದಲೇ ಹೇಳಬೇಕು. ಮೊದಲ ಮೂರು ತಿಂಗಳಲ್ಲಿ ವಾರ್ಫರಿನ್ ಭ್ರೂಣಕ್ಕೆ ಹಾನಿ ಮಾಡಬಹುದು, ಹಾಗಂತ ನೀವೇ ನಿಲ್ಲಿಸಿದರೆ ವಾಲ್ವ್ ಕಟ್ಟಿಕೊಳ್ಳುತ್ತದೆ.

ಹೊಸ ಮಾತ್ರೆಗಳಿಗೆ ಐಎನ್‌ಆರ್ ಬೇಕಿಲ್ಲ, ಆದರೆ ಒಂದೇ ದಿನ ತಪ್ಪಿಸಿದರೂ ರಕ್ಷಣೆ ಹೋಗುತ್ತದೆ. ರಿವರಾಕ್ಸಬಾನ್ 15, 20 ಮಿಲಿಗ್ರಾಂ ಮಾತ್ರೆಯನ್ನು ಊಟದ ಜೊತೆಗೇ ತಗೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಪೂರ್ತಿ ಮೈಗೆ ಹತ್ತುವುದಿಲ್ಲ. ಏಕಾದಶಿ ಉಪವಾಸ ಮಾಡುವವರು ಇದನ್ನು ಡಾಕ್ಟರ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಡಬಿಗಾಟ್ರಾನ್ ಕ್ಯಾಪ್ಸೂಲ್ ಒಡೆದು ಪುಡಿ ಕಲಸಿ ಕುಡಿಸಬಾರದು. ಎಪಿಕ್ಸಬಾನ್ ದಿನಕ್ಕೆ ಎರಡು ಹೊತ್ತು, ಒಂದು ಹೊತ್ತು ಸಾಕು ಅಂತ ಉಳಿತಾಯ ಮಾಡುವಂತಿಲ್ಲ. ವರ್ಷಕ್ಕೊಮ್ಮೆಯಾದರೂ ಕಿಡ್ನಿಯ ಟೆಸ್ಟ್ ಕ್ರಿಯಾಟಿನಿನ್ ನೋಡಿಸಿ.

ಡೆಂಗಿ ಕಾಲದಲ್ಲಿ ಒಂದು ಎಚ್ಚರ. ಡೆಂಗಿಯೂ ಒಳಪದರಕ್ಕೇ ಹೊಡೆಯುವ ಕಾಯಿಲೆ, ಪದರ ಸೋರಿ ರಕ್ತದ ನೀರಿನಂಶ ಹೊರಗೆ ಹೋಗುತ್ತದೆ. ಪ್ಲೇಟ್‌ಲೆಟ್ ಎಣಿಕೆಯಷ್ಟೇ ಮುಖ್ಯ ಆ ಸೋರಿಕೆ, ಅದು ಜೋರಾಗುವುದು ಜ್ವರ ಇಳಿಯುವ ಹೊತ್ತಿಗೆ. ಹೆಪ್ಪಿನ ಮಾತ್ರೆ ತಗೊಳ್ಳುವವರಿಗೆ ಜ್ವರ ಬಂದರೆ ಎರಡು ದಿನ ಕಾಯುವುದು ಬೇಡ, ಅವತ್ತೇ ತೋರಿಸಿ.

ಬಾಣಂತನ, ಹಬ್ಬದ ಮಾತ್ರೆ, ವಿಮಾನ

ಹೆರಿಗೆಯಾದ ಆರು ವಾರ ಹೆಪ್ಪಿನ ಅಪಾಯ ಬಹಳ ಜಾಸ್ತಿ. ನಮ್ಮ ಕೆಲವು ಮನೆಗಳಲ್ಲಿ ಬಾಣಂತಿಗೆ ನೀರು ಕಡಿಮೆ ಕೊಡುತ್ತಾರೆ, ಮಂಚ ಬಿಟ್ಟು ಏಳಲು ಬಿಡುವುದಿಲ್ಲ. ದಯವಿಟ್ಟು ಇದೊಂದು ಬಿಡಿ. ಪ್ರೀತಿಯಿಂದ ಮಾಡುವ ಆರೈಕೆಯೇ, ಆದರೆ ನೀರು ಕಮ್ಮಿ ಮತ್ತು ಓಡಾಟವಿಲ್ಲ ಅಂದರೆ ಹರಿವು ನಿಧಾನವಾಯಿತು ಅಂತಲೇ ಅರ್ಥ. ಬಾಣಂತಿಯರ ಮೆದುಳಿನ ನಾಳದಲ್ಲಿ ಹೆಪ್ಪುಗಟ್ಟುವುದರ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಬರೆಯುತ್ತಾ ಬಂದಿದ್ದಾರೆ. ತಡೆಯಲಾರದ ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್ ಕಂಡರೆ ಶೀತ, ದೃಷ್ಟಿ ಅಂತ ಕೂರಬೇಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೇಗ ಹೆಪಾರಿನ್ ಸಿಕ್ಕರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಪೂಜೆ, ಮದುವೆ, ಯಾತ್ರೆ ಅಂತ ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಡುವ ನೊರೆತಿಸ್ಟರಾನ್ ಬಗ್ಗೆಯೂ ಹೇಳಲೇಬೇಕು. ಆ ಡೋಸಿನಲ್ಲಿ ಅದರ ಸ್ವಲ್ಪ ಭಾಗ ದೇಹದಲ್ಲಿ ಈಸ್ಟ್ರೋಜೆನ್ ಆಗಿ ಬದಲಾಗುತ್ತದೆ, ಈಸ್ಟ್ರೋಜೆನ್ ಹೆಪ್ಪಿನ ಅಪಾಯ ಏರಿಸುತ್ತದೆ. ಹಿಂದೆ ಹೆಪ್ಪು ಬಂದಿದ್ದವರು ಇದನ್ನು ಮುಟ್ಟಬಾರದು. ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಬಂದಿದ್ದರೆ, ತೂಕ ಜಾಸ್ತಿ ಇದ್ದರೆ, ಡಾಕ್ಟರನ್ನು ಕೇಳದೆ ಬೇಡ. ಒಂದು ದಿನದ ಪೂಜೆಗೆ ಇಷ್ಟು ದೊಡ್ಡ ಅಪಾಯ ಯಾವ ಹುಡುಗಿಯ ಮೇಲೂ ಹೇರಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮಗಳ ಬಾಣಂತನಕ್ಕೆ ಅಂತ ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗುವ ಅಮ್ಮಂದಿರು ಎಷ್ಟು ಜನ ಅಲ್ವಾ. ನಾಲ್ಕು ಗಂಟೆಗಿಂತ ಜಾಸ್ತಿ ಕೂತು ಮಾಡುವ ಪ್ರಯಾಣ ಕಾಲಿನ ಹೆಪ್ಪಿನ ಅಪಾಯ ಏರಿಸುತ್ತದೆ. ಎದ್ದು ಓಡಾಡಲು ಆಗುವಂತೆ ನಡುದಾರಿ ಪಕ್ಕದ ಸೀಟು ಕೇಳಿ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಿ, ಶೌಚಕ್ಕೆ ಏಳಬೇಕಾಗುತ್ತದೆ ಅಂತ ನೀರು ಕುಡಿಯುವುದು ಬಿಡಬೇಡಿ. ಹಿಂದೆ ಹೆಪ್ಪು ಬಂದಿದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ ಬಿಗಿ ಕಾಲುಚೀಲ ಅಥವಾ ಇಂಜೆಕ್ಷನ್ ಬೇಕಾ ಅಂತ ಟಿಕೆಟ್ ಮಾಡಿಸುವಾಗಲೇ ಕೇಳಿ.

ಪದರವನ್ನೇ ಗಟ್ಟಿ ಮಾಡುವುದು

ರಕ್ತ ಚುರುಕಾಗಿ, ಒಂದೇ ದಿಕ್ಕಿಗೆ ಹರಿದು ಗೋಡೆಯನ್ನು ಸವರಿದರೆ ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ಮತ್ತು ಥ್ರಾಂಬೊಮಾಡ್ಯುಲಿನ್ ಜಾಸ್ತಿ ಮಾಡುತ್ತವೆ. ಚುರುಕು ನಡಿಗೆ ಮಾಡುವುದು ಇದನ್ನೇ. ವಾರಕ್ಕೆ 150 ನಿಮಿಷ ಅನ್ನುತ್ತಾರೆ, ನಿಲ್ಲಿಸದೆ ನಡೆಯಲು ಆಗದವರು ಹತ್ತು ಹತ್ತು ನಿಮಿಷ ನಡೆಯಲಿ. ತಂಬಾಕು ಬಿಡುವುದು ಇನ್ನೂ ದೊಡ್ಡದು. ಸಕ್ಕರೆ, ಬಿಪಿ ಹಿಡಿತದಲ್ಲಿರಲಿ. ಸ್ಟ್ಯಾಟಿನ್ ಮಾತ್ರೆಯನ್ನು ಕೊಲೆಸ್ಟರಾಲ್‌ಗೆ ಅಂತ ಮಾತ್ರ ನೋಡಬೇಡಿ, ಅದು ಒಳಪದರಕ್ಕೂ ನೆರವಾಗುತ್ತದೆ. 2009ರಲ್ಲಿ ಪ್ರಕಟವಾದ ಜುಪಿಟರ್ ಅಧ್ಯಯನದಲ್ಲಿ ರೋಸುವಾಸ್ಟಾಟಿನ್ ತಗೊಂಡವರಲ್ಲಿ ಕಾಲಿನ ಮತ್ತು ಶ್ವಾಸಕೋಶದ ಹೆಪ್ಪು ಶೇ. 43ರಷ್ಟು ಕಡಿಮೆ ಕಂಡಿತು. ಹಾಗಂತ ಹೆಪ್ಪಿನ ಮಾತ್ರೆಯ ಬದಲಿಗೆ ಅದು ನಡೆಯುವುದಿಲ್ಲ.

ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತದೆ ಅಂತ ಜಿಮ್ಮಿನಲ್ಲಿ, ಆನ್‌ಲೈನ್‌ನಲ್ಲಿ ಮಾರುವ ಎಲ್-ಆರ್ಜಿನೈನ್ ಪುಡಿ ಹೃದಯದ ರೋಗಿಗಳಿಗೆ ಬೇಡ. ಹೃದಯಾಘಾತವಾದವರಿಗೆ ಕೊಟ್ಟು ನೋಡಿದ 2006ರ ಅಧ್ಯಯನದಲ್ಲಿ ಲಾಭ ಏನೂ ಕಾಣಲಿಲ್ಲ, ಪುಡಿ ತಗೊಂಡ ಗುಂಪಿನಲ್ಲೇ ಸಾವು ಜಾಸ್ತಿ ಕಂಡು ನಿಲ್ಲಿಸಿಬಿಟ್ಟರು.

ಬರುತ್ತಿರುವ ಚಿಕಿತ್ಸೆಗಳ ಸುದ್ದಿ ಓದುವ ಬಗೆ

"ರಕ್ತನಾಳದ ಗೋಡೆಗೆ ಹೊಸ ಔಷಧಿ" ಅಂತ ಸುದ್ದಿ ಬಂದಾಗ, ಅದು ಗೋಡೆಯ ಯಾವ ಕೆಲಸವನ್ನು ನಕಲು ಮಾಡುತ್ತದೆ, ಮನುಷ್ಯರಲ್ಲಿ ದೊಡ್ಡ ಪರೀಕ್ಷೆ ಆಗಿದೆಯಾ ಅಂತ ಎರಡೇ ನೋಡಿ. ತೀವ್ರ ಸೋಂಕಿನಲ್ಲಿ ಮೈಯೆಲ್ಲ ಚಿಕ್ಕ ಚಿಕ್ಕ ಹೆಪ್ಪು ಕಟ್ಟುತ್ತದೆ ಅಂತ ಚುರುಕಾದ ಪ್ರೋಟೀನ್ ಸಿ ಯನ್ನೇ ಔಷಧಿ ಮಾಡಿದರು, 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಮುಂದಿನ ಪರೀಕ್ಷೆಯಲ್ಲಿ ಜೀವ ಉಳಿಸದ ಕಾರಣ 2011ರಲ್ಲಿ ವಾಪಸ್ ತಗೊಂಡರು. ಥ್ರಾಂಬೊಮಾಡ್ಯುಲಿನ್ ಔಷಧಿ ಜಪಾನಿನಲ್ಲಿ 2008ರಿಂದ ಬಳಕೆಯಲ್ಲಿದೆ, ಆದರೆ 2019ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಸಾವು ಕಡಿಮೆಯಾಯಿತು ಅಂತ ಖಚಿತವಾಗಿ ಹೇಳಲಾಗಲಿಲ್ಲ. ಒಳಪದರದ ಜೀವಕೋಶಗಳನ್ನು ಬೇಗ ಸೆಳೆಯುವ ಲೇಪದ ಸ್ಟೆಂಟ್ ಕೂಡ ಬಂತು, ಔಷಧಿ ಲೇಪದ ಸ್ಟೆಂಟನ್ನು ಮೀರಿಸಲಿಲ್ಲ. ಗೆದ್ದದ್ದೂ ಇದೆ. ವಾನ್ ವಿಲ್ಲೆಬ್ರಾಂಡ್ ಅಂಶವನ್ನು ಕಟ್ಟಿಹಾಕುವ ಕಪ್ಲಸಿಝುಮ್ಯಾಬ್, ಟಿಟಿಪಿ ಅನ್ನುವ ಅಪರೂಪದ ಕಾಯಿಲೆಗೆ ಯುರೋಪಿನಲ್ಲಿ 2018ರಲ್ಲಿ ಬಂತು. ರಕ್ತಸ್ರಾವ ಮಾಡದೆ ಹೆಪ್ಪು ಮಾತ್ರ ತಡೆಯಬೇಕು ಅಂತ ಹನ್ನೊಂದನೇ ಅಂಶದ ಮೇಲೆ ಈಗ ಬಹಳ ಕೆಲಸ ನಡೆದಿದೆ. ಅದರಲ್ಲಿ ಅಸುಂಡೆಕ್ಸಿಯಾನ್ ಅನ್ನುವ ಮಾತ್ರೆಯನ್ನು ಬಡಿತ ತಪ್ಪಿದವರಲ್ಲಿ ಎಪಿಕ್ಸಬಾನ್ ಜೊತೆ ಹೋಲಿಸಿ ನೋಡಿದ ಪರೀಕ್ಷೆ, ಅದರಷ್ಟು ಕಾಪಾಡುತ್ತಿಲ್ಲ ಅಂತ 2023ರಲ್ಲಿ ನಿಂತಿತು. ಹೊಸದಕ್ಕಾಗಿ ಈಗ ನಡೆಯುತ್ತಿರುವ ಮಾತ್ರೆ ನಿಲ್ಲಿಸುವ ಯೋಚನೆ ಬೇಡ.

ತುರ್ತಿನಲ್ಲಿ

ಒಂದೇ ಕಾಲು ಊದಿ, ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಅದೇ ದಿನ ಕಾಲಿನ ನಾಳದ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವಿದ್ದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಮುಖ ವಾರೆಯಾಗಿ ಕೈ ಸೋತು ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಮಾತ್ರೆ ತಗೊಳ್ಳುವವರಲ್ಲಿ ಮಲ ಟಾರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ತಲೆಗೆ ಪೆಟ್ಟು ಬಿದ್ದರೆ, ಪೆಟ್ಟು ಚಿಕ್ಕದಾಗಿದ್ದರೂ, ಆಸ್ಪತ್ರೆಗೇ ಹೋಗಿ.

ಹೃದಯಾಘಾತಕ್ಕೆ ಕೊಡುವ ಟೆನೆಕ್ಟೆಪ್ಲೇಸ್, ನಮ್ಮ ಪದರ ತಾನೇ ಬಿಡುವ ಟಿಪಿಎಯನ್ನು ಸ್ವಲ್ಪ ಮಾರ್ಪಡಿಸಿದ ರೂಪ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇದನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ, ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಹೇಳುತ್ತಾರೆ. ಹಾಗಾಗಿ ಎದೆ ಹಿಡಿದರೆ ನೇರ ಬೆಂಗಳೂರಿಗೆ ಅಂತ ಗಂಟೆಗಟ್ಟಲೆ ಕಾರಿನಲ್ಲಿ ಕೂರುವ ಬದಲು ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಲಕ್ವಕ್ಕೆ ಈ ಬಗೆಯ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೆ ಸಿಟಿ ಸ್ಕ್ಯಾನ್ ಇರುವ ಕಡೆಗೇ ಹೋಗಬೇಕು. ಎಲ್ಲೇ ಹೋದರೂ ಮಾತ್ರೆಯ ಹೆಸರು, ಕೊನೆಯ ಡೋಸ್ ಎಷ್ಟು ಗಂಟೆಗೆ ತಗೊಂಡದ್ದು, ತೊಂದರೆ ಎಷ್ಟು ಗಂಟೆಗೆ ಶುರುವಾಯಿತು, ಈ ಮೂರನ್ನೂ ಒಳಗೆ ಹೋದ ಕೂಡಲೇ ಹೇಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದಾ ಇಲ್ಲವಾ ಅಂತ ಡಾಕ್ಟರ್ ತೀರ್ಮಾನಿಸುವಾಗ ಮೊದಲು ಕೇಳುವುದೇ ಇದನ್ನು.